ಕಂಕನಾಡಿಯ ಫಾದರ್ ಮುಲ್ಲರ್

ಕುಷ್ಠವನ್ನು ನಾವು ಚರ್ಮರೋಗವೆಂದೇ ಬಗೆಯುತ್ತೇವೆ. ನಿಜದಲ್ಲಿ ಅದು ನರಗಳಿಗೆ ಉರಿಯೂತ ತಂದು ಸ್ಪರ್ಶಜ್ಞಾನವನ್ನೇ ಕಸಿಯುವ ವ್ಯಾಧಿ. ಮಂಗಳೂರಿನಲ್ಲಿ ಆ ರೋಗಿಗಳಿಗೆ ನೆಲೆ ಕಟ್ಟಿದ ಆಗಸ್ಟಸ್ ಮುಲ್ಲರರ ಜೀವನವನ್ನು ನೆನೆದಾಗಲೆಲ್ಲ ನನಗೆ ತೋರುವುದಿದು: ರೋಗವನ್ನು ಗುಣಪಡಿಸುವ ಮದ್ದು ಅವರ ಕೈಯಲ್ಲಿರಲಿಲ್ಲ; ಆದರೂ ಅವರು ಹಿಂಜರಿಯಲಿಲ್ಲ.

1841ರಲ್ಲಿ ಜರ್ಮನಿಯಲ್ಲಿ ಜನಿಸಿದ ಈ ಜೆಸ್ವಿತ್ ಪಾದ್ರಿಗಳು 1878ರ ಕೊನೆಯಲ್ಲಿ ಮಂಗಳೂರಿಗೆ ಬಂದರು. 1880ರಲ್ಲಿ ಕಂಕನಾಡಿಯಲ್ಲಿ ಹೋಮಿಯೋಪಥಿ ಔಷಧಾಲಯವನ್ನು ಆರಂಭಿಸಿದರು; 1890ರಲ್ಲಿ ಕುಷ್ಠರೋಗಿಗಳಿಗಾಗಿ ಆಶ್ರಯಧಾಮವನ್ನು ತೆರೆದರು. ನಾರ್ವೆಯ ಹ್ಯಾನ್ಸೆನ್ 1873ರಲ್ಲೇ ರೋಗಾಣುವನ್ನು ಕಂಡಿದ್ದರೂ ಅದನ್ನು ಕೊಲ್ಲುವ ಔಷಧ ಇನ್ನೂ ಹುಟ್ಟಿರಲಿಲ್ಲ. ಸ್ಪರ್ಶವಳಿದ ಮಚ್ಚೆ, ಮೊಣಕೈಯ ಬಳಿ ದಪ್ಪಗಾದ ನರ, ಇವುಗಳಿಂದ ವೈದ್ಯನು ರೋಗವನ್ನು ಗುರುತಿಸಬಲ್ಲವನಾಗಿದ್ದ, ತೊಲಗಿಸಬಲ್ಲವನಾಗಿರಲಿಲ್ಲ.

ಮುಲ್ಲರರು 1910ರಲ್ಲಿ ಕಾಲವಾದರು. ಡ್ಯಾಪ್ಸೋನ್ ಬಳಕೆಗೆ ಬಂದದ್ದು 1940ರ ದಶಕದಲ್ಲಿ. 1966ರಲ್ಲಿ ರಿಡ್ಲಿ ಮತ್ತು ಜೋಪ್ಲಿಂಗ್ ರೋಗವನ್ನು ದೇಹದ ಪ್ರತಿರೋಧಶಕ್ತಿಗೆ ಅನುಸಾರವಾಗಿ ಐದು ಬಗೆಯಾಗಿ ವಿಂಗಡಿಸಿದರು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಬಹುಔಷಧ ಚಿಕಿತ್ಸೆಯನ್ನು ಸೂಚಿಸಿದರು. ನರದ ಉರಿಯೂತವನ್ನು ಸ್ಟೀರಾಯ್ಡಿನಿಂದ ಬೇಗನೆ ಶಮನಗೊಳಿಸಿದರೆ ಕೈಕಾಲುಗಳ ಶಕ್ತಿ ಉಳಿಯಬಹುದು. ಆದರೆ ನಾಚಿ ಮಚ್ಚೆಯನ್ನು ಮರೆಮಾಡುವವನಿಗೆ ಈ ಯಾವ ಔಷಧವೂ ಸಮಯಕ್ಕೆ ದೊರೆಯದು. ರೋಗಿಯು ಅಂಜದೆ ಬರಬಹುದಾದ ಒಂದು ಬಾಗಿಲನ್ನು ಮದ್ದಿಗೆ ಮುಂಚೆಯೇ ತೆರೆದಿಟ್ಟದ್ದು ಮುಲ್ಲರರ ಹಿರಿಮೆಯೆಂದು ನಾನು ತಿಳಿಯುತ್ತೇನೆ.