ನೇತ್ರವೈದ್ಯ ಡಾಕ್ಟರ್ ಮುರುಗಪ್ಪ ಚನ್ನವೀರಪ್ಪ ಮೋದಿಯವರು

ಶ್ರೀಮಠದ ಮಹೋತ್ಸವದ ಈ ಸ್ಮರಣಗ್ರಂಥದಲ್ಲಿ ಶರಣರ ಹಾಗೂ ಶಿವಯೋಗಿಗಳ ಚರಿತ್ರೆಗಳ ನಡುವೆ ಒಬ್ಬ ವೈದ್ಯರ ಚರಿತ್ರೆಯು ಏಕೆ ಬಂದಿತೆಂದು ಕೆಲವರಿಗೆ ಸಂದೇಹವಾಗಬಹುದು. ಕಾಯಕವನ್ನು ಪೂಜೆಗೆ ಸಮನಾಗಿ ಕಂಡ ಧರ್ಮದಲ್ಲಿ ಆ ಸಂದೇಹಕ್ಕೆ ಎಡೆಯಿಲ್ಲ. ಬೇಡರ ಕಣ್ಣಪ್ಪನು ತನ್ನ ಕಣ್ಣನ್ನು ಕಿತ್ತು ಶಿವನಿಗೆ ಅರ್ಪಿಸಿದ ಕಥೆಯನ್ನು ಪುರಾಣದಲ್ಲಿ ಕೇಳಿ ಕಣ್ಣೀರು ಸುರಿಸುವ ಸದ್ಭಕ್ತರು, ಕತ್ತಲೆಗಟ್ಟಿದ ಲಕ್ಷಾಂತರ ಕಣ್ಣುಗಳಿಗೆ ಬೆಳಕನ್ನು ಮರಳಿಸಿದ ಈ ಮಹನೀಯರನ್ನೂ ಒಮ್ಮೆ ನೆನೆಯುವದು ಯುಕ್ತವೇ ಸರಿ.

ಕುಷ್ಟಗಿಯಿಂದ ಉತ್ತರಾಭಿಮುಖವಾಗಿ ಇಳಕಲ್ಲು, ಹುನಗುಂದಗಳನ್ನು ದಾಟಿ ಬಾಗಲಕೋಟೆಯ ಮಾರ್ಗವಾಗಿ ಮುಂದೆ ಸಾಗಿದರೆ ಬೀಳಗಿಯು ಸಿಗುತ್ತದೆ. ಆ ಊರಿನಲ್ಲಿ 1916ರಲ್ಲಿ ಮುರುಗಪ್ಪನವರು ಜನಿಸಿದರು. ಆಗ ಬೀಳಗಿಯು ಮುಂಬಯಿ ಇಲಾಖೆಯ ವಿಜಾಪುರ ಜಿಲ್ಲೆಗೆ ಸೇರಿತ್ತು. ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಿಗಳು ನಿಜಾಮರ ಸಂಸ್ಥಾನದೊಳಗಿದ್ದವು. ಆಳುವವರು ಬೇರೆಯಾದರೂ ಬಡತನವೂ ಬರಗಾಲವೂ ಎರಡೂ ಕಡೆಗೆ ಒಂದೇ ಆಗಿದ್ದವು. ವೈದ್ಯವಿದ್ಯೆಯನ್ನು ಕಲಿತು ನೇತ್ರಚಿಕಿತ್ಸೆಯಲ್ಲಿ ಪರಿಣತಿಯನ್ನು ಪಡೆದ ಮೋದಿಯವರಿಗೆ ಪಟ್ಟಣದಲ್ಲಿದ್ದು ಧನಾರ್ಜನೆ ಮಾಡುವ ದಾರಿಯು ತೆರೆದೇ ಇತ್ತು. ಆದರೆ ಮಹಾತ್ಮಾ ಗಾಂಧೀಜಿಯವರ ಪ್ರಭಾವಕ್ಕೆ ಒಳಗಾದ ಅವರು 1940ರ ದಶಕದ ಆರಂಭದಲ್ಲಿಯೇ ಆ ದಾರಿಯನ್ನು ಬಿಟ್ಟು, ಹಳ್ಳಿಗಳ ಬಡವರಿಗೆ ಧರ್ಮಾರ್ಥವಾಗಿ ಕಣ್ಣಿನ ಚಿಕಿತ್ಸೆ ಮಾಡುವದಕ್ಕೆ ಹೊರಟರು. ಆಗ ಅವರಿಗೆ ಮೂವತ್ತು ವರ್ಷವೂ ತುಂಬಿರಲಿಲ್ಲ.

ಆ ಕಾಲದ ಹಳ್ಳಿಗಳಲ್ಲಿ ಮುದುಕರ ಕಣ್ಣು ಮಂಜಾಗುವದು ತಲೆಗೂದಲು ನೆರೆತಷ್ಟೇ ಸಹಜವೆಂಬ ಭಾವನೆಯಿತ್ತು. ಕೆಲವರು ಅದನ್ನು ಪೂರ್ವಜನ್ಮದ ಕರ್ಮವೆಂದರು; ಕೆಲವರು ದೇವರಿಗೆ ಹರಕೆ ಹೊತ್ತರು. ಹಜಾರದ ಮೂಲೆಯೊಂದರಲ್ಲಿ ಕುಳಿತು, ಕಾಲಸಪ್ಪಳದಿಂದಲೇ ಬಂದವರ ಗುರುತು ಹಿಡಿಯುತ್ತ, ಊಟಕ್ಕೂ ಬಯಲಿಗೂ ಮೊಮ್ಮಕ್ಕಳ ಕೈಹಿಡಿದು ಹೋಗುತ್ತ ಉಳಿದ ಆಯುಷ್ಯವನ್ನು ಕಳೆದವರು ಎಷ್ಟು ಮಂದಿಯೋ! ಸೂಜಿಯಿಂದ ಪೊರೆಯನ್ನು ಕಣ್ಣಿನೊಳಕ್ಕೆ ನೂಕುವ ವಿದ್ಯೆಯನ್ನು ಹಿಡಿದುಕೊಂಡು ಊರೂರು ತಿರುಗುವವರೂ ಇದ್ದರು. ಅವರ ಕೈಯಿಂದ ನಾಲ್ಕು ದಿನ ಬೆಳಕು ಕಂಡು, ಆಮೇಲೆ ಕೀವು ತುಂಬಿ ಕಣ್ಣನ್ನೇ ಕಳೆದುಕೊಂಡವರು ಉಂಟು. ಆಸ್ಪತ್ರೆಯೋ ಬಹುದೂರ, ಹೋಗುವ ಧೈರ್ಯವೂ ಹಣವೂ ಇಲ್ಲ.

ರೋಗಿಯು ವೈದ್ಯನಲ್ಲಿಗೆ ಬಾರದಿದ್ದರೆ ವೈದ್ಯನೇ ರೋಗಿಯಲ್ಲಿಗೆ ಹೋಗಬೇಕೆಂಬುದು ಮೋದಿಯವರು ಹಿಡಿದ ವ್ರತವಾಯಿತು. ಶಾಲೆ, ಛತ್ರ, ಮಠದ ಅಂಗಳ, ಯಾವುದಾದರೂ ಸರಿ, ಅದೇ ಅವರ ಆಸ್ಪತ್ರೆ. ಊರಿನ ದಾನಿಗಳು ರೋಗಿಗಳಿಗೂ ಅವರ ಜೊತೆಯವರಿಗೂ ಊಟ ವಸತಿಗಳನ್ನು ಒದಗಿಸುವರು. ಸುತ್ತಲಿನ ಹಳ್ಳಿಗಳಿಂದ ಚಕ್ಕಡಿಗಳಲ್ಲಿ, ಹೆಗಲ ಮೇಲೆ, ಕೋಲು ಹಿಡಿದು ಬಂದವರನ್ನು ಸಾಲಾಗಿ ಕೂಡ್ರಿಸಿ ಒಬ್ಬೊಬ್ಬರ ಕಣ್ಣನ್ನು ಪರೀಕ್ಷಿಸುವದು ಮೊದಲ ಕೆಲಸ. ಶಸ್ತ್ರಚಿಕಿತ್ಸೆಯಿಂದ ಗುಣವಾಗುವವರನ್ನು ಆರಿಸಿ ಮೇಜುಗಳ ಸಾಲಿಗೆ ಕಳುಹಿಸಿದ ಮೇಲೆ, ಸಹಾಯಕರು ಮುಂದಿನವರನ್ನು ಅಣಿಗೊಳಿಸುತ್ತಿರಲು ಡಾಕ್ಟರರು ಮೇಜಿನಿಂದ ಮೇಜಿಗೆ ನಡೆಯುವರು. ಹೀಗೆ ಒಂದೇ ದಿನದಲ್ಲಿ 833 ಜನರ ಮೋತಿಬಿಂದುವನ್ನು ತೆಗೆದರೆಂದು ಗಿನ್ನೆಸ್ ದಾಖಲೆಯ ಪುಸ್ತಕವು ಬರೆದುಕೊಂಡಿದೆ. ಲೆಕ್ಕ ಹಾಕಿದರೆ ಅಹೋರಾತ್ರಿ ಬಿಡುವಿಲ್ಲದೆ ದುಡಿದರೂ ಒಬ್ಬರಿಗೆ ಎರಡು ನಿಮಿಷವೂ ದಕ್ಕದು.

ಅದೇ ಪುಸ್ತಕದ ಪ್ರಕಾರ 1993ರ ಫೆಬ್ರುವರಿಯವರೆಗೆ ಅವರು ಸಂದರ್ಶಿಸಿದ ಹಳ್ಳಿಗಳು 46,120. ಪರೀಕ್ಷಿಸಿದ ರೋಗಿಗಳು 1,21,18,630. ಮಾಡಿದ ಶಸ್ತ್ರಚಿಕಿತ್ಸೆಗಳು 6,10,564. ಜನರು ಕೊನೆಯ ಅಂಕೆಯನ್ನೇ ಕೊಂಡಾಡುತ್ತಾರೆ. ಈ ಲೇಖಕನಿಗೆ ನಡುವಿನ ಅಂಕೆಯೇ ಹೆಚ್ಚೆಂದು ತೋರುತ್ತದೆ. ಒಬ್ಬರಿಗೆ ಶಸ್ತ್ರ ಹಿಡಿಯುವದಕ್ಕೆ ಅವರು ಸುಮಾರು ಇಪ್ಪತ್ತು ಜನರ ಕಣ್ಣುಗಳನ್ನು ನೋಡಿದ್ದಾರೆ. ಉಳಿದ ಹತ್ತೊಂಬತ್ತು ಜನರ ಕಣ್ಣು ಏಕೆ ಮಂಜಾಗಿತ್ತು? ಮಂಜು ಒಂದೇ ಆದರೂ ಅದರ ಕಾರಣಗಳು ಹಲವು; ಒಂದಕ್ಕೆ ಕನ್ನಡಕ ಸಾಕು, ಇನ್ನೊಂದಕ್ಕೆ ಶಸ್ತ್ರವೇ ಬೇಕು, ಮತ್ತೊಂದು ತಡವಾದರೆ ಯಾವ ವೈದ್ಯನ ಕೈಗೂ ಸಿಗದು. ಈ ಭೇದವನ್ನು ಭಕ್ತರು ತಿಳಿದುಕೊಳ್ಳುವದು ಅವಶ್ಯವಾದ್ದರಿಂದ ಕಥೆಯನ್ನು ತುಸು ನಿಲ್ಲಿಸುತ್ತೇನೆ.

ನಿತ್ಯ ಪೂಜೆಯಲ್ಲಿ ಎಡಗೈಯ ಅಂಗೈಯೊಳಗಿನ ಇಷ್ಟಲಿಂಗದ ಮೇಲೆ ದೃಷ್ಟಿಯಿಡುವವರಿಗೆ ನಾಲ್ವತ್ತು ದಾಟಿದ ಮೇಲೆ ಲಿಂಗವು ಮಸುಕಾಗಿ, ಕೈಯನ್ನು ದೂರ ಸರಿಸಿದರೆ ಮತ್ತೆ ಸ್ಪಷ್ಟವಾಗುವದುಂಟು. ಕಿನ್ನಾಳದ ಚಿತ್ರಗಾರನ ಕುಂಚದ ಗೆರೆ ತಪ್ಪುವದೂ, ಭಾಗ್ಯನಗರದಲ್ಲಿ ಕೂದಲನ್ನು ಬೇರ್ಪಡಿಸುವ ತಾಯಿಗೆ ಎಳೆ ಕಾಣದಾಗುವದೂ ಇದೇ. ಇದು ಚಾಳೀಸು, ಭಯವಿಲ್ಲ, ಕನ್ನಡಕ ಸಾಕು. ನೋವಿಲ್ಲದೆ, ವರ್ಷದಿಂದ ವರ್ಷಕ್ಕೆ ಹೊಗೆ ಕವಿದಂತೆ ನೋಟ ಮಂಕಾಗಿ, ಬಿಸಿಲಿಗೆ ಕಣ್ಣು ಕೋರೈಸಿ, ಜಾತ್ರೆಯ ದೀಪಗಳು ಚದರಿದಂತೆ ಕಂಡರೆ ಅದು ಮೋತಿಬಿಂದುವಾಗಿರಬಹುದು. ಪೊರೆಯು ಪೂರ್ಣ ಹಣ್ಣಾಗುವವರೆಗೆ ಕಾಯಬೇಕೆಂಬ ಹಳೆಯ ಮಾತು ಈಗ ಸಲ್ಲದು. ನಿತ್ಯದ ಕಾಯಕಕ್ಕೆ ಅಡ್ಡಿಯಾದೊಡನೆ ತೋರಿಸತಕ್ಕದ್ದು. ಅತಿಯಾಗಿ ಬಲಿತ ಪೊರೆಯು ಕಣ್ಣೊಳಗಿನ ಒತ್ತಡವನ್ನು ಏರಿಸಿ ಇದ್ದ ಬೆಳಕನ್ನೂ ಕೆಡಿಸಬಲ್ಲದು.

ಗ್ಲಾಕೋಮಾ ಎಂಬುದು ಕಳ್ಳನಂತೆ ಬರುತ್ತದೆ. ಎದುರಿನ ನೋಟವು ಸರಿಯಾಗಿಯೇ ಇದ್ದು ಪಕ್ಕದ ನೋಟವು ಸದ್ದಿಲ್ಲದೆ ಹೋಗುತ್ತದೆ. ನರವು ಕೆಟ್ಟು ಹೋದ ದೃಷ್ಟಿಯು ಮರಳಿ ಬಾರದು. ಮನೆತನದಲ್ಲಿ ಅದು ಇದ್ದವರೂ, ಸಕ್ಕರೆ ರೋಗದವರೂ ಕಣ್ಣು ಚೆನ್ನಾಗಿ ಕಂಡರೂ ವರ್ಷಕ್ಕೊಮ್ಮೆ ಪರೀಕ್ಷೆಗೆ ಹೋಗಬೇಕು. ಕಣ್ಣು ಕೆಂಪಾಗಿ, ತಲೆ ಸಿಡಿದು, ವಾಂತಿಯಾಗಿ, ದೀಪದ ಸುತ್ತ ಬಣ್ಣದ ಬಳೆ ಕಂಡರೆ, ಅಥವಾ ಒಂದು ಕಣ್ಣಿಗೆ ಹಠಾತ್ತನೆ ಕತ್ತಲೆ ಬಂದರೆ, ಮಿಂಚಿನಂಥ ಬೆಳಕು, ಕರಿಚುಕ್ಕೆಗಳ ಮಳೆ, ಪರದೆ ಇಳಿದಂಥ ನೆರಳು ತೋರಿದರೆ ಮರುದಿನವನ್ನು ಕಾಯದೆ ಆ ದಿನವೇ ಹೊರಡತಕ್ಕದ್ದು. ಗಂಗಾವತಿಯ ಭತ್ತದ ಸುಗ್ಗಿಯಲ್ಲಿ ಕಾಳಿನ ಮುಳ್ಳು ತಗುಲಿದ ಕಣ್ಣಿಗೆ ಎದೆಹಾಲು, ಸೊಪ್ಪಿನ ರಸ, ಅಂಗಡಿಯಿಂದ ತಾವೇ ಕೊಂಡ ಹನಿ ಹಾಕಿಕೊಂಡು ಕುಳಿತರೆ ಹುಣ್ಣು ಬಲಿತು ಬಿಳಿ ಹೂವು ಉಳಿಯುತ್ತದೆ. ಮಗುವಿನ ಕಣ್ಣಪಾಪೆಯೊಳಗೆ ಬಿಳುಪು ಕಂಡರೂ, ಮೆಳ್ಳೆಗಣ್ಣಾದರೂ, ಸಂಜೆಗತ್ತಲೆಯಲ್ಲಿ ಮಗು ತಡವರಿಸಿದರೂ ದೊಡ್ಡದಾದ ಮೇಲೆ ಸರಿಹೋದೀತೆಂದು ಬಿಡಬಾರದು. ಎರಡೂ ಕಣ್ಣು ತೆರೆದಿರುವಾಗ ಒಂದರ ದೋಷವನ್ನು ಇನ್ನೊಂದು ಮುಚ್ಚಿಕೊಳ್ಳುವದರಿಂದ, ಆಗಾಗ ಒಂದೊಂದನ್ನೇ ಕೈಯಿಂದ ಮುಚ್ಚಿ ನೋಡಿಕೊಳ್ಳುವದು ಲೇಸು.

ಇನ್ನು ಕಥೆಗೆ ಮರಳೋಣ. ಮೋದಿಯವರ ಶಿಬಿರಗಳಿಗೆ ಮಿತಿಗಳಿರಲಿಲ್ಲವೆಂದಲ್ಲ. ಆ ಕಾಲದ ಚಿಕಿತ್ಸೆಯಲ್ಲಿ ಮಂಜಾದ ಮಸೂರವನ್ನು ತೆಗೆದರೆ ಅದರ ಸ್ಥಾನದಲ್ಲಿ ಬೇರೊಂದನ್ನು ಇಡುವ ರೂಢಿಯಿರಲಿಲ್ಲ. ಬಹು ದಪ್ಪನೆಯ ಗಾಜಿನ ಕನ್ನಡಕವೇ ಗತಿ. ದಾರದಿಂದ ಕಿವಿಗೆ ಬಿಗಿದ ಆ ಕನ್ನಡಕದ ಅಜ್ಜಂದಿರನ್ನು ನಮ್ಮಲ್ಲಿ ನೋಡದವರಿಲ್ಲ. ಅದು ಒಡೆದರೆ, ಹೊಸದನ್ನು ಕೊಳ್ಳಲಾರದ ಬಡವನು ತಿರುಗಿ ಕುರುಡನೇ. ಮುಂದೆ ಕಣ್ಣೊಳಗೇ ಕೃತಕ ಮಸೂರವನ್ನು ಇಡುವ ವಿದ್ಯೆಯು ಬಂದಿತು. ಬಯಲಿನ ಶಿಬಿರಗಳಲ್ಲಿ ಸೋಂಕಿನ ಭಯವಿದ್ದ ಕಾರಣ, ಹಳ್ಳಿಯಲ್ಲಿ ಪರೀಕ್ಷೆ, ಆಸ್ಪತ್ರೆಯಲ್ಲಿ ಶಸ್ತ್ರ ಎಂಬ ಪದ್ಧತಿಯೂ ನೆಲೆಗೊಂಡಿತು. ಭಾರತ ಸರ್ಕಾರವು ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿದ್ದು 1976ರಲ್ಲಿ. ಮೋದಿಯವರು ಅದಕ್ಕೆ ಮೂರು ದಶಕಗಳಿಗೂ ಮುಂಚೆಯೇ ಹಳ್ಳಿಯ ದಾರಿ ಹಿಡಿದಿದ್ದರೆಂಬುದನ್ನು ಮರೆಯಲಾಗದು.

ಸರ್ಕಾರವು ಅವರಿಗೆ 1956ರಲ್ಲಿ ಪದ್ಮಶ್ರೀಯನ್ನೂ 1968ರಲ್ಲಿ ಪದ್ಮಭೂಷಣವನ್ನೂ ಇತ್ತು ಗೌರವಿಸಿತು. ಬಿರುದುಗಳು ಬಂದ ಮೇಲೂ ಪ್ರಯಾಣ ನಿಲ್ಲಲಿಲ್ಲ. ಉತ್ತರ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ಅವರ ಹೆಸರಿನ ಧರ್ಮಾರ್ಥ ಕಣ್ಣಾಸ್ಪತ್ರೆಯು ನೆಲೆಗೊಂಡಿತು. 2005ರ ನವೆಂಬರದಲ್ಲಿ, ತೊಂಬತ್ತರ ಸಮೀಪದಲ್ಲಿ, ಮೋದಿಯವರು ದೇಹವನ್ನು ಬಿಟ್ಟರು. ಬೆಂಗಳೂರಿನ ಪಶ್ಚಿಮಭಾಗದ ರಸ್ತೆಯೊಂದಕ್ಕೆ ಮೋದಿ ಆಸ್ಪತ್ರೆಯ ರಸ್ತೆಯೆಂದೇ ಹೆಸರು ನಿಂತಿದೆ.