ಕರುಣೆಯ ದಾಸ ಸಂತ ಜೋಸೆಫ್ ವಾಜ್

ದೇವರ ಅಪಾರ ಕರುಣೆಯನ್ನು ನಾವು ಬಲಿಪೀಠದ ಮುಂದೆ ಕೈಯೊಡ್ಡಿ ಸ್ವೀಕರಿಸುತ್ತೇವೆ. ಆದರೆ ಹಾಗೆ ಪಡೆದ ಕರುಣೆಯನ್ನು ದೇವಾಲಯದ ಹೊಸ್ತಿಲಿನಲ್ಲಿಯೇ ಬಿಟ್ಟು ಮನೆಗೆ ಹಿಂದಿರುಗುವವರು ನಮ್ಮಲ್ಲಿ ಎಷ್ಟು ಮಂದಿಯೋ! ಪೂಜೆಯೇ ಬೇರೆ, ಬಾಳುವೆಯೇ ಬೇರೆ ಎಂದು ಭಾವಿಸುವ ನಮಗೆ ಸಂತ ಜೋಸೆಫ್ ವಾಜರ ಜೀವನವು ಕೈದೀವಿಗೆಯಾಗಿದೆ. ಕನ್ನಡ ಕರಾವಳಿಯಲ್ಲಿ ಬರಿಗಾಲಿನಿಂದ ಸಂಚರಿಸಿದ ಈ ಮಹನೀಯರನ್ನು ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ಸ್ಮರಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಜೋಸೆಫ್ ವಾಜರು 1651ರ ಏಪ್ರಿಲ್ 21ರಂದು ಗೋವೆಯ ಬೆನೌಲಿಂ ಗ್ರಾಮದಲ್ಲಿ ಜನಿಸಿದರು. 1676ರಲ್ಲಿ ಗುರುದೀಕ್ಷೆ ಪಡೆದರು. ಮರುವರ್ಷ ಆಗಸ್ಟ್ 5ರಂದು ಸಾಂಕ್ವಾಳೆಯ ದೇವಾಲಯದಲ್ಲಿ, ತಾವು ಮಾತೆ ಮರಿಯಮ್ಮನವರ ಆಜೀವ ದಾಸರೆಂದು ದಾಸ್ಯಪತ್ರ ಬರೆದು ಸಮರ್ಪಿಸಿದರು. ದಾಸನಿಗೆ ತನ್ನದೆಂಬುದು ಯಾವುದೂ ಇಲ್ಲ. ಅವನ ಕೈಯಲ್ಲಿರುವುದೆಲ್ಲವೂ ಒಡೆಯನದೇ. ಆದುದರಿಂದ ಕೊಡುವಾಗ ಲೆಕ್ಕವಿಡುವ ಹಕ್ಕೂ ಅವನಿಗಿಲ್ಲ. ವಾಜರ ಮುಂದಿನ ಬದುಕೆಲ್ಲವೂ ಈ ಒಂದು ಪತ್ರದ ವ್ಯಾಖ್ಯಾನವೆನ್ನಬಹುದು.

1681ರಲ್ಲಿ ಅವರು ಕನ್ನಡ ಜಿಲ್ಲೆಯ ಧರ್ಮಸೇವೆಗೆ ಬಂದರು. ಆಗ ಈ ನಾಡನ್ನು ಕೆಳದಿಯ ರಾಣಿ ಚೆನ್ನಮ್ಮಾಜಿ ಆಳುತ್ತಿದ್ದರು. ಗುರುಗಳ ಕೊರತೆ ಒಂದೆಡೆ. ಪೋರ್ಚುಗೀಸ್ ಅರಸರ ಹಕ್ಕನ್ನು ಎತ್ತಿಹಿಡಿಯುವವರಿಗೂ ರೋಮಿನಿಂದ ನೇರವಾಗಿ ನೇಮಕಗೊಂಡವರಿಗೂ ನಡುವಣ ಅಧಿಕಾರದ ಕಲಹ ಇನ್ನೊಂದೆಡೆ. ಮಂಗಳೂರು, ಬಸರೂರು, ಕುಂದಾಪುರ, ಗಂಗೊಳ್ಳಿಗಳ ಭಕ್ತರು ಚದುರಿದ ಮಂದೆಯಂತಿದ್ದರು. ವಾಜರು 1684ರವರೆಗೆ ಇಲ್ಲಿದ್ದು ಸಂಸ್ಕಾರಗಳನ್ನು ನೀಡಿದರು, ರೋಗಿಗಳನ್ನು ಸಂದರ್ಶಿಸಿದರು, ಒಡೆದ ಮನಸ್ಸುಗಳನ್ನು ಬೆಸೆಯಲು ಶ್ರಮಿಸಿದರು. ಮಂಗಳೂರಿನ ಸಮೀಪದ ಮುಡಿಪುವಿನಲ್ಲಿರುವ ಪುಣ್ಯಕ್ಷೇತ್ರವು ಇಂದಿಗೂ ಅವರ ಸ್ಮರಣೆಯನ್ನು ಹಸಿರಾಗಿರಿಸಿದೆ.

ಅತ್ತ ಸಿಂಹಳ ದ್ವೀಪದಲ್ಲಿ ಡಚ್ಚರು ಕಥೋಲಿಕ ಗುರುಗಳನ್ನು ಹೊರಗಟ್ಟಿದ್ದರು. ಬಲಿಪೂಜೆಯಿಲ್ಲದೆ ಪರಿತಪಿಸುತ್ತಿದ್ದ ಅಲ್ಲಿನ ಭಕ್ತರಿಗಾಗಿ ವಾಜರು 1687ರಲ್ಲಿ ಕೂಲಿಯಾಳಿನ ವೇಷದಲ್ಲಿ ದ್ವೀಪವನ್ನು ಪ್ರವೇಶಿಸಿದರು. ಕೊರಳಲ್ಲಿ ಜಪಸರ ಧರಿಸಿ ಭಿಕ್ಷೆ ಬೇಡುತ್ತಾ, ಅದನ್ನು ಕಂಡು ಮುಖವರಳಿಸಿದವರಲ್ಲಿ ವಿಶ್ವಾಸಿಗಳನ್ನು ಗುರುತಿಸಿದರು. ರಾತ್ರಿಯ ವೇಳೆ ಗುಟ್ಟಾಗಿ ಪೂಜೆ ಅರ್ಪಿಸಿದರು. 1692ರಲ್ಲಿ ಕ್ಯಾಂಡಿ ನಗರದಲ್ಲಿ ಪೋರ್ಚುಗೀಸರ ಗೂಢಚಾರನೆಂಬ ಸುಳ್ಳು ಆಪಾದನೆಗೆ ಗುರಿಯಾಗಿ ಬಂಧನಕ್ಕೊಳಗಾದರು. ಅಲ್ಲಿಯೂ ಸುಮ್ಮನಿರದೆ ಸಿಂಹಳ ಭಾಷೆಯನ್ನು ಕಲಿತರು. ಪುಟ್ಟ ಗುಡಿಸಲೊಂದನ್ನೇ ದೇವಾಲಯವಾಗಿಸಿದರು.

1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬಿನ ಮಾರಿ ಹಬ್ಬಿತು. ಅರಸನೂ ಸಿರಿವಂತರೂ ನಗರವನ್ನು ತೊರೆದರು. ಹೆತ್ತವರನ್ನೂ ಮಕ್ಕಳನ್ನೂ ಮನೆಯವರೇ ಕೈಬಿಟ್ಟು ಓಡಿದರು. ಓಡದೆ ಉಳಿದವರು ವಾಜರು ಹಾಗೂ ಅವರ ಸೋದರಳಿಯ ಫಾದರ್ ಜೋಸೆಫ್ ಕಾರ್ವಾಲೊ. ಪ್ರಾತಃಕಾಲ ಬಲಿಪೀಠದಲ್ಲಿ ಕ್ರಿಸ್ತರ ಶರೀರವನ್ನು ಎತ್ತಿದ ಕೈಗಳೇ ಕೀವು ಸೋರುವ ಹುಣ್ಣುಗಳನ್ನು ತೊಳೆದವು, ಗಂಜಿ ಉಣಿಸಿದವು, ಸತ್ತವರಿಗೆ ಗುಂಡಿ ತೋಡಿದವು. ರೋಗಿಯು ಕ್ರೈಸ್ತನೋ ಬೌದ್ಧನೋ ಎಂದು ಅವರು ವಿಚಾರಿಸಲಿಲ್ಲ. ತಮ್ಮನ್ನು ಕರುಣಿಸುವಾಗ ದೇವರು ಅರ್ಹತೆಯನ್ನು ನೋಡಲಿಲ್ಲವೆಂಬುದನ್ನು ಅವರು ಬಲ್ಲವರಾಗಿದ್ದರು. ಈ ಸೇವೆಯನ್ನು ಮೆಚ್ಚಿದ ಅರಸ ಎರಡನೆಯ ವಿಮಲಧರ್ಮಸೂರ್ಯನ ಆಶ್ರಯದಲ್ಲಿ ಅವರ ಧರ್ಮಸೇವೆಗೆ ಬಾಗಿಲು ತೆರೆಯಿತು.

1711ರ ಜನವರಿ 16ರಂದು ವಾಜರು ಕ್ಯಾಂಡಿಯಲ್ಲಿ ಪ್ರಭುವಿನಲ್ಲಿ ನಿದ್ರಿಸಿದರು. ಎರಡನೆಯ ಜಾನ್ ಪೌಲ್ ಜಗದ್ಗುರುಗಳು 1995ರ ಜನವರಿ 21ರಂದು ಅವರನ್ನು ಧನ್ಯರ ಸಾಲಿಗೂ, ಫ್ರಾನ್ಸಿಸ್ ಜಗದ್ಗುರುಗಳು 2015ರ ಜನವರಿ 14ರಂದು ಸಂತರ ಸಾಲಿಗೂ ಸೇರಿಸಿದರು. ಎರಡೂ ಸಮಾರಂಭಗಳು ಕೊಲಂಬೊ ನಗರದಲ್ಲಿಯೇ ಜರುಗಿದುದು ಸಿಂಹಳದ ಭಕ್ತರ ಭಾಗ್ಯ.

ಪ್ರಿಯ ಬಾಂಧವರೇ, ನಮ್ಮ ನೆರೆಯಲ್ಲಿಯೂ ಬಂಧುಗಳು ಮರೆತ ವೃದ್ಧರುಂಟು, ಯಾರೂ ಬಳಿ ಸುಳಿಯದ ರೋಗಿಗಳುಂಟು, ಮಾತುಬಿಟ್ಟ ಅಣ್ಣತಮ್ಮಂದಿರುಂಟು. ಭಾನುವಾರದ ಪೂಜೆಯಲ್ಲಿ ನಾವು ಕರುಣೆಯನ್ನು ಬೇಡುತ್ತೇವೆ. ಸೋಮವಾರದಂದು ಅವರ ಬಾಗಿಲನ್ನು ತಟ್ಟಿದರೆ ಆ ಬೇಡಿಕೆ ಪೂರ್ಣವಾದೀತು. ಅಂತಹ ಮನಸ್ಸನ್ನು ನಮಗೆ ದೊರಕಿಸಿಕೊಡುವಂತೆ ಸಂತ ಜೋಸೆಫ್ ವಾಜರ ಬಿನ್ನಹವನ್ನು ಯಾಚಿಸೋಣ.