ಕೋಲಾರದ ವೈನ್ ಕನಸಿಗೆ ಮೊದಲು ಮರಿಗೌಡರನ್ನು ನೆನೆಯೋಣ

ಹಾಪ್‌ಕಾಮ್ಸ್ ಮಳಿಗೆ ಎದುರು ನಿಂತು ದ್ರಾಕ್ಷಿ ಜ್ಯೂಸ್ ಕುಡಿದವರು ನಮ್ಮಲ್ಲಿ ಬಹಳ ಜನ ಇದ್ದೇವೆ. ಆ ಸಂಸ್ಥೆ ಹುಟ್ಟಿದ್ದೇ ದ್ರಾಕ್ಷಿ ರೈತರಿಗಾಗಿ ಅನ್ನೋದು ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ. 1959ರಲ್ಲಿ ಅದರ ಹೆಸರು ಬೆಂಗಳೂರು ದ್ರಾಕ್ಷಿ ಬೆಳೆಗಾರರ ಮಾರಾಟ ಮತ್ತು ಸಂಸ್ಕರಣಾ ಸಹಕಾರ ಸಂಘ. ಅದನ್ನು ಕಟ್ಟಿ ನಿಲ್ಲಿಸಿದವರು ಡಾ. ಎಂ.ಎಚ್. ಮರಿಗೌಡ.

ಮರಿಗೌಡರು ಹುಟ್ಟಿದ್ದು 1916ರಲ್ಲಿ, ತಿ. ನರಸೀಪುರ ತಾಲೂಕಿನ ಮರಿಗೌಡನಹುಂಡಿಯಲ್ಲಿ. 1942ರಲ್ಲಿ ಲಾಲ್‌ಬಾಗ್ ಸೇರಿದರು. ಇಂಗ್ಲೆಂಡಿನ ಕ್ಯೂ ಗಾರ್ಡನ್ಸ್‌ನಲ್ಲಿ ತರಬೇತಿ, ಅಮೆರಿಕದ ಹಾರ್ವರ್ಡ್‌ನಲ್ಲಿ ಪಿಎಚ್‌.ಡಿ. ಅಲ್ಲೇ ಉಳಿಯಬಹುದಿತ್ತು, ವಾಪಸ್ ಬಂದರು. ಆಗ ಸರ್ಕಾರಿ ತೋಟಗಾರಿಕೆ ಅಂದರೆ ಮುಖ್ಯವಾಗಿ ಉದ್ಯಾನ, ಬಂಗಲೆ, ಫಲಪುಷ್ಪ ಪ್ರದರ್ಶನ. ಅದರ ಮುಖವನ್ನು ಅವರು ಹಳ್ಳಿ ಕಡೆ ತಿರುಗಿಸಿದರು. 1963ರಲ್ಲಿ ತೋಟಗಾರಿಕೆ ಪ್ರತ್ಯೇಕ ಇಲಾಖೆಯಾದಾಗ ನಿರ್ದೇಶಕರಾದರು. 1974ರಲ್ಲಿ ನಿವೃತ್ತರಾಗುವ ಹೊತ್ತಿಗೆ ರಾಜ್ಯದ ತುಂಬ ಸರ್ಕಾರಿ ತೋಟ, ನರ್ಸರಿಗಳು ಎದ್ದಿದ್ದವು.

ಮಳೆ ನಂಬಿದ ಒಣಭೂಮಿಯಲ್ಲಿ ರಾಗಿ ಜೊತೆ ಹಣ್ಣೂ ಬೆಳೆಯಬಹುದು ಅಂತ ಪಟ್ಟು ಹಿಡಿದವರು ಅವರು. ವರ್ಷಪೂರ್ತಿ ಹರಿಯುವ ಒಂದು ನದಿಯೂ ಇಲ್ಲದ ಕೋಲಾರದಂಥ ಜಿಲ್ಲೆಗೆ ಇದು ಸಣ್ಣ ಮಾತಲ್ಲ. ಶ್ರೀನಿವಾಸಪುರ ಇವತ್ತು ಮಾವಿಗೇ ಹೆಸರುವಾಸಿ.

ಆದರೆ ಬೆಳೆದರಷ್ಟೇ ಸಾಲದು ಅನ್ನೋದೂ ಅವರಿಗೆ ಗೊತ್ತಿತ್ತು. ಕಿತ್ತ ದ್ರಾಕ್ಷಿ ಕೆಲವೇ ದಿನ ತಾಳುತ್ತೆ. ಆ ಕೆಲವು ದಿನಗಳೇ ದಲ್ಲಾಳಿಯ ಬಲ. ಅದಕ್ಕೇ ಸಂಘದ ಹೆಸರಲ್ಲೇ ಮಾರಾಟ, ಸಂಸ್ಕರಣೆ ಎರಡೂ ಇದ್ದವು. 1980ರ ದಶಕದಲ್ಲಿ ಅದು ಹಾಪ್‌ಕಾಮ್ಸ್ ಆಯಿತು, ವ್ಯಾಪ್ತಿ ಕೋಲಾರದವರೆಗೂ ಬೆಳೆಯಿತು. ಮಾರಾಟ ಬೆಳೆದಷ್ಟು ಸಂಸ್ಕರಣೆ ಬೆಳೆಯಲಿಲ್ಲ, ಬಹುತೇಕ ಜ್ಯೂಸಿಗೇ ನಿಂತಿತು. ಮರಿಗೌಡರು 1992ರಲ್ಲಿ ತೀರಿಕೊಂಡರು. ರಾಜ್ಯದ ವೈನ್ ನೀತಿ ಬಂದಿದ್ದು ಅದಾಗಿ 15 ವರ್ಷಕ್ಕೆ, 2007ರಲ್ಲಿ.

ಈಗ ನಂದಿ ಬೆಟ್ಟದ ಸುತ್ತ ವೈನ್ ದ್ರಾಕ್ಷಿ ಇದೆ, ಬೆಂಗಳೂರಿನ ಪಾರ್ಟಿಗಳಲ್ಲಿ ಸ್ಪಾರ್ಕ್ಲಿಂಗ್ ವೈನ್ ಇದೆ. ಹಾಗಾದರೆ ಮಾಲೂರಿನ ಎರಡೆಕರೆ ಕುಟುಂಬ ತನ್ನದೇ ಹೆಸರಿನ ಬಾಟಲಿ ಯಾಕೆ ತರಬಾರದು? ಲೆಕ್ಕ ನೋಡಿ. ಶಾಂಪೇನ್ ವಿಧಾನದಲ್ಲಿ ತಯಾರಾದ ವೈನನ್ನು ಸಕ್ಕರೆ, ಯೀಸ್ಟ್ ಸೇರಿಸಿ ಬಾಟಲಿಯಲ್ಲೇ ಮತ್ತೆ ಹುದುಗಿಸಬೇಕು. ಒಳಗಿನ ಒತ್ತಡ ಸುಮಾರು 6 ವಾತಾವರಣದಷ್ಟು ಏರುತ್ತೆ, ದಪ್ಪ ಗಾಜೇ ಬೇಕು. ಶಾಂಪೇನ್ ಪ್ರಾಂತ್ಯದ ನಿಯಮದ ಪ್ರಕಾರ ಕನಿಷ್ಠ 15 ತಿಂಗಳು ಕಾಯಬೇಕು. ಅಷ್ಟು ಕಾಲ ಕೈಗೆ ಕಾಸಿಲ್ಲ. ಇದರ ಮೇಲೆ ಪರವಾನಗಿ, ಅಬಕಾರಿ. ಅಂದರೆ ಇಲ್ಲಿ ಕೊರತೆ ಮಣ್ಣಿನದ್ದಲ್ಲ, ಕಾಯುವ ಶಕ್ತಿಯದ್ದು.

ಫ್ರಾನ್ಸಿನ ಸಣ್ಣ ಬೆಳೆಗಾರರೂ ಒಂದು ಕಾಲಕ್ಕೆ ದೊಡ್ಡ ಕಂಪನಿಗಳಿಗೆ ದ್ರಾಕ್ಷಿ ಸುರಿದು ಬರುತ್ತಿದ್ದವರೇ. 1911ರಲ್ಲಿ ಅಲ್ಲಿ ದಂಗೆಯೇ ಆಯಿತು. ಇವತ್ತು ಅಲ್ಲಿನ ಎಷ್ಟೋ ಕುಟುಂಬಗಳು ಸಹಕಾರ ಸಂಘಕ್ಕೆ ದ್ರಾಕ್ಷಿ ಕೊಟ್ಟು, ಬಾಟಲಿ ವಾಪಸ್ ಪಡೆದು ತಮ್ಮ ಹೆಸರಲ್ಲೇ ಮಾರುತ್ತವೆ. ಯಂತ್ರ, ನೆಲಮಾಳಿಗೆ, ಕಾಯುವ ಹೊರೆ ಎಲ್ಲ ಸಂಘದ್ದು.

ಮರಿಗೌಡರು 1959ರಲ್ಲೇ ಇಟ್ಟ ಪಾಯ ಇಂಥದ್ದೇ. ಮುಳಬಾಗಿಲಿನ ಟೊಮೆಟೊ ರಸ್ತೆಗೆ ಬೀಳುವಾಗಲೂ, ಶ್ರೀನಿವಾಸಪುರದ ಮಾವು ಮಂಡಿಯಲ್ಲಿ ಕೊಳೆಯುವಾಗಲೂ ಕೇಳಬೇಕಾದ ಪ್ರಶ್ನೆ ಒಂದೇ: ಸಂಸ್ಕರಣಾ ಘಟಕ ಯಾರ ಕೈಯಲ್ಲಿದೆ? ಲಾಲ್‌ಬಾಗ್‌ನಲ್ಲಿ ಅವರ ಹೆಸರಿನ ಭವನ ಇದೆ, ಸಂತೋಷ. ಮುಂದಿನ ಬಜೆಟ್ಟಿನಲ್ಲಿ ವೈನ್ ಟೂರಿಸಂ ಅಂತ ಯಾರಾದರೂ ಭಾಷಣ ಮಾಡಿದರೆ, ರೈತರ ಸಂಘದ ಪಾಲೆಷ್ಟು ಅಂತ ಕೇಳೋಣ.